ಉಂಗುರದ ಸಂದಿನ ಚುಕ್ಕೆ

ಎಲ್‌ವುಡ್ ಪ್ರೆಂಟಿಸನ ಹೆಗಲಿಗೆ ಶನಿ ಏರಿದ್ದು ಒಂದು ಡೋನಟ್ಟಿನಿಂದ.

ಅಮೆರಿಕದ ಪ್ಯಾಸಡೀನಾದ ಪ್ರಯೋಗಾಲಯವೊಂದರಲ್ಲಿ, ನೌಕೆ ಕಳಿಸಿದ ಶನಿಗ್ರಹದ ಚಿತ್ರಗಳ ಪ್ರಿಂಟು ಹಾಕುವುದು ಅವನ ಕೆಲಸ. ಅಂದು ಬೆಳಿಗ್ಗೆ ಉಂಗುರಗಳ ನಡುವಿನ ಕಪ್ಪು ಸಂದಿನಲ್ಲಿ ಬಿಳಿ ಚುಕ್ಕೆಯೊಂದು ಕಂಡಿತು. ತನ್ನ ಹೆಸರಿನಲ್ಲೇ ಚೀಟಿ ಬರೆದು ಮೇಲಕ್ಕೆ ಕಳಿಸಿದ. ಹತ್ತು ಗಂಟೆಗೆಲ್ಲ ಶನಿಗೆ ಹೊಸ ಚಂದ್ರ ಸಿಕ್ಕಿದನೆಂದು ಇಡೀ ಕಟ್ಟಡ ಕುಣಿಯುತ್ತಿತ್ತು.

ಹತ್ತೂಕಾಲಿಗೆ ಎಲ್‌ವುಡ್ ತನ್ನ ಟೈ ನೋಡಿಕೊಂಡ. ಬೆಳಿಗ್ಗೆ ತಿಂದ ಡೋನಟ್ಟಿನ ಸಕ್ಕರೆಪುಡಿ. ಮೇಜಿನ ಮೇಲೆ ಸಕ್ಕರೆಪುಡಿ. ಅಲ್ಲೇ ಇಟ್ಟಿದ್ದ ನೆಗೆಟಿವ್ ಮೇಲೂ ಸಕ್ಕರೆಪುಡಿ. ಅವನ ಜೀವ ಕೆಂಡಕ್ಕೆ ಬಿದ್ದ ಹಪ್ಪಳದಂತೆ ಮುದುಡಿತು.

"ಚಂದ್ರನ ಅಪ್ಪ ಆಗಿ ಹಿಂಗ್ಯಾಕ್ರೀ ಬೆವರ್ತಿದೀರಾ?" ಎಂದಳು ಪಕ್ಕದ ಮೇಜಿನ ರೊಸಾಲ್ಬಾ.

ಆ ಚುಕ್ಕೆ ಸಕ್ಕರೆಯದೇ ಇರಬೇಕೆಂದು ಅವನು ಪಿಸುಗುಟ್ಟಿದ.

"ಅಯ್ಯೋ ದೇವರೇ. ನೆಗೆಟಿವ್ ಎಲ್ಲಿ?"

"ಗಾಬರೀಲಿ ಒರೆಸಿಬಿಟ್ಟೆ."

"ನೌಕೆಯಿಂದ ಬಂದ ಮೂಲ ಟೇಪು ನೋಡಿ ಮತ್ತೆ."

"ಅದಕ್ಕೆ ಹಾಲೊವೇ ಸಾಹೇಬ್ರ ಸಹಿ ಬೇಕು. ಯಾಕೆ ಅಂತ ಕೇಳಿದ್ರೆ ಏನ್ ಹೇಳ್ಲಿ?"

ರೊಸಾಲ್ಬಾ ನಿಟ್ಟುಸಿರಿಟ್ಟಳು. "ಹಿಂದೆ ಒಬ್ಬ ನೊಣಾನ ನೋಡಿ ಗುರುಗ್ರಹದ ಬಿರುಗಾಳಿ ಅಂದಿದ್ದ. ಈಗ ಫ್ರೆಸ್ನೋ ಊರಲ್ಲಿ ಮದುವೆ ಫೋಟೋ ತೆಗೀತಾನೆ, ಪಾಪ."

ಮಧ್ಯಾಹ್ನದ ಹೊತ್ತಿಗೆ ಟೀವಿಯವರ ವ್ಯಾನುಗಳು ಬಂದು ನಿಂತವು. ಪ್ರತಿ ವ್ಯಾನಿಗೂ ಎಲ್‌ವುಡ್ ಒಮ್ಮೆ ಶೌಚಾಲಯಕ್ಕೆ ಹೋಗಿಬಂದ. ಮುಖ್ಯಸ್ಥ ಹಾಲೊವೇ ಎದುರಾಗಿ ಬೆನ್ನು ತಟ್ಟಿದರು. "ಎರಡು ಗಂಟೆಗೆ ವೇದಿಕೆ ಮೇಲೆ ನೀನೇ ಮಾತಾಡ್ಬೇಕು." ಸತ್ಯ ಹೇಳಲು ಬಾಯಿ ತೆರೆದರೆ ಬಿಕ್ಕಳಿಕೆ ಬಂತು.

ಒಂದೂವರೆಗೆ ಇನ್ನು ತಡೆಯಲಾಗಲಿಲ್ಲ. ಮುಖ್ಯಸ್ಥರ ಕೋಣೆಗೆ ನುಗ್ಗಿ ಎಲ್ಲ ಒಪ್ಪಿಕೊಂಡ. ಹಾಲೊವೇ ಅವರ ಮುಖ ಬೂದಿಯಾಯಿತು. ಅವರು ಗೋಡೆಗಡಿಯಾರ ನೋಡಿ, ಬಿಳಿ ಹಾಳೆಯೊಂದನ್ನು ಅವನ ಮುಂದೆ ತಳ್ಳಿದರು.

"ಮೊದಲು ಬರೆದುಕೊಡು. ಈ ಚುಕ್ಕೆಗೂ ಎಲ್‌ವುಡ್ ಪ್ರೆಂಟಿಸ್ ಆದ ನನಗೂ ಸಂಬಂಧ ಇಲ್ಲ ಅಂತ."

ಎಲ್‌ವುಡ್ ಬರೆದ, ಸಹಿ ಹಾಕಿದ. ಬೆಳಗಿನಿಂದ ಮೊದಲ ಬಾರಿಗೆ ಉಸಿರು ಸಲೀಸಾಯಿತು. ಹಾಲೊವೇ ಕಾಗದಕ್ಕೆ ಮೊಹರೊತ್ತಿ, ಟೇಪು ಪರೀಕ್ಷಿಸಲು ರೊಸಾಲ್ಬಾಳನ್ನು ಅಟ್ಟಿದರು.

ಹತ್ತು ನಿಮಿಷಕ್ಕೆ ಅವಳು ಏದುಸಿರು ಬಿಡುತ್ತ ಬಂದಳು. "ಸಕ್ಕರೆ ಅಲ್ಲ ಸಾರ್. ಟೇಪಲ್ಲೂ ಇದೆ. ಆಮೇಲಿನ ನಾಲ್ಕು ಚಿತ್ರದಲ್ಲೂ ಇದೆ, ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ಮುಂದೆ ಸರಿದಿದೆ. ಚಂದ್ರನೇ."

ಎಲ್‌ವುಡ್‌ನ ಕೈ ಮೆಲ್ಲಗೆ ಕಾಗದದ ಕಡೆ ಹೋಯಿತು. ಹಾಲೊವೇ ಅದನ್ನು ಡ್ರಾಯರಿಗೆ ಹಾಕಿ ಬೀಗ ತಿರುವಿದರು.

"ಸಂಬಂಧ ಇಲ್ಲ ಅಂತ ನೀನೇ ಬರೆದಿದೀಯಲ್ಲಪ್ಪ. ನಡಿಯಮ್ಮ ರೊಸಾಲ್ಬಾ, ಟೇಪಲ್ಲಿ ಮೊದಲು ಕಂಡವಳು ನೀನು."

ಎರಡು ಗಂಟೆಗೆ ವೇದಿಕೆಯ ಮೇಲೆ ಕುರ್ಚಿಯೊಂದು ಕಡಿಮೆ ಬಿತ್ತು. ಎಲ್‌ವುಡ್ ತನ್ನ ಮೇಜಿನ ಕುರ್ಚಿಯನ್ನೇ ಹೊತ್ತು ತಂದು ರೊಸಾಲ್ಬಾಳಿಗೆ ಹಾಕಿಕೊಟ್ಟ.