ಮಾವನ ಬ್ರಷ್ಷಿನ ಹಿಡಿಕೆ

ದೇವರು ಗಂಡಸಿಗೆ ಗಡ್ಡ ಕೊಟ್ಟದ್ದು ದಿನಕ್ಕೊಮ್ಮೆಯಾದರೂ ಅವನು ತನ್ನ ಮುಖವನ್ನು ತಾನೇ ನೋಡಿಕೊಳ್ಳಲಿ ಎಂದಿರಬೇಕು. ಅಳಿಯ ಆ ಬೆಳಿಗ್ಗೆ ತನ್ನ ಮುಖವನ್ನಷ್ಟೇ ನೋಡಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಅವನು ಕನ್ನಡಿಯ ಪಕ್ಕದಲ್ಲಿದ್ದ ಮಾವನ ಶೇವಿಂಗ್ ಬ್ರಷ್ಷನ್ನೂ ನೋಡಿದ.

ಅವನಿಗೆ ಹೆಸರಿರಲಿಲ್ಲವೆಂದಲ್ಲ. ಮದುವೆಯಾಗಿ ಮಾವನ ಮನೆಗೇ ಬಂದು ನೆಲೆಸಿದ ಮೇಲೆ ಬೀದಿಗೆ ಬೀದಿಯೇ ಅವನನ್ನು ‘ಅಳಿಯ’ ಎಂದು ಕರೆದು ಕರೆದು, ಹೆಸರು ಎಲ್ಲೋ ಪೆಟ್ಟಿಗೆಯ ತಳ ಸೇರಿತ್ತು. ಕೆಲಸ ಪುಸ್ತಕಗಳಿಗೆ ರಟ್ಟು ಕಟ್ಟುವುದು. ಕಟ್ಟುವ ಜಾಗ, ಮಲಗುವ ಮಂಚ. ಹಗಲೆಲ್ಲ ಮಂಚದ ಮೇಲೆ ಅಂಟಿನ ಡಬ್ಬಿ, ದಾರ, ರಟ್ಟಿನ ಚೂರು. ರಾತ್ರಿ ಅವನ್ನೆಲ್ಲ ಕೆಳಗಿಳಿಸಿ ಮಲಗಿದರೆ, ಬೆಳಿಗ್ಗೆ ಹೆಂಡತಿಯ ಸೆರಗು ಹಾಸಿಗೆಗೆ ಅಂಟಿಕೊಂಡಿರುತ್ತಿತ್ತು.

ಮನೆಯಲ್ಲಿ ಬೀದಿಗೆ ತೆರೆಯುವ ಒಂದು ಕೋಣೆಯಿತ್ತು. ಅದಕ್ಕೆ ಬೀಗ ಬಿದ್ದು ವರ್ಷಗಳಾಗಿದ್ದವು. ಆ ಕೋಣೆಯಲ್ಲೊಂದು ಮೇಜು, ಬಾಗಿಲ ಮೇಲೊಂದು ಫಲಕ, ಇಷ್ಟೇ ಅಳಿಯ ಬದುಕಿನಲ್ಲಿ ಬೇಡಿಕೊಂಡದ್ದು. ಬೀಗದ ಕೈ ಎಲ್ಲಿದೆಯೆಂಬುದು ಮಾವನೊಬ್ಬರಿಗೇ ಗೊತ್ತು. ಹಿಂದೆ ರೈಲು ನಿಲ್ದಾಣದಲ್ಲಿ ಮಾಸ್ತರಾಗಿದ್ದ ಮಾವ, ಹಸಿರು ಬಾವುಟ ತೋರಿಸುವ ಮೊದಲು ಹಳಿಯ ಉದ್ದಕ್ಕೂ ಕಣ್ಣು ಹಾಯಿಸುವ ಮನುಷ್ಯ. ಆ ದಿನ ಬೆಳಕು ಹರಿಯುವ ಮೊದಲೇ ಕ್ಷೌರ ಮುಗಿಸಿ, ಹಳೆಯ ಗೆಳೆಯನನ್ನು ನೋಡಲು ಹೊರಟವರು ಹೊಸ್ತಿಲಲ್ಲಿ ನಿಂತು ಹೇಳಿದ್ದರು:

“ಅಳಿಯಂದಿರೇ, ಕೋಣೆ ವಿಷಯ ಸಂಜೆ ಬಂದು ಹೇಳ್ತೀನಿ. ಅಲ್ಲೀವರೆಗೆ ನನ್ನ ವಸ್ತು ಯಾವುದನ್ನೂ ಮುಟ್ಟಬೇಡಿ.”

ಮುಟ್ಟಬೇಡಿ ಎಂದು ಹೇಳದೆ ಹೋಗಿದ್ದರೆ ಅಳಿಯ ಖಂಡಿತ ಮುಟ್ಟುತ್ತಿರಲಿಲ್ಲ.

ಬ್ರಷ್ಷಿನ ಹಿಡಿಕೆ ಕಪ್ಪಗೆ, ತಣ್ಣಗೆ, ಪುಟ್ಟ ಹೂಜಿಯಂತೆ ಹೊಟ್ಟೆ ತುಂಬಿಕೊಂಡು ಕೂತಿತ್ತು. ಹೊಟ್ಟೆಯ ಸುತ್ತ ಒಂದು ತೆಳು ಗೆರೆ. ಮೇಲೆ ದಟ್ಟವಾದ ಕೂದಲ ಗೊಂಡೆ. ಅಳಿಯನ ಸ್ವಂತ ಬ್ರಷ್ಷಿಗೆ ಉಳಿದಿದ್ದ ಕೂದಲು ಎದುರು ಮನೆಯ ಡ್ರಿಲ್ ಮೇಷ್ಟ್ರ ತಲೆಯ ಮೇಲೆ ಉಳಿದಷ್ಟೇ. ‘ಒಂದೇ ಒಂದು ಸಲ’ ಎಂದುಕೊಂಡು ಅವನು ಮಾವನ ಬ್ರಷ್ಷನ್ನು ಸೋಪಿನ ಮೇಲೆ ಆಡಿಸಿದ. ನೊರೆ ಎದ್ದಿತು ನೋಡಿ, ಹಾಲು ಉಕ್ಕಿದ ಹಾಗೆ! ಕೆನ್ನೆ ಮುಚ್ಚಿತು, ಕಿವಿ ಮುಚ್ಚಿತು, ಮೊಣಕೈವರೆಗೂ ಇಳಿಯಿತು. ಆ ಸುಖಕ್ಕೆ ಕಣ್ಣು ಮುಚ್ಚಿದಾಗಲೇ ಬ್ರಷ್ಷು ಮೀನಿನಂತೆ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು.

ಕತ್ತಿನ ಹತ್ತಿರ ಸರಿಯಾಗಿ ಎರಡಾಯಿತು. ಗೊಂಡೆ ಬಕೀಟಿನ ಹಿಂದೆ ಅಡಗಿತು. ಹಿಡಿಕೆಯ ಹೊಟ್ಟೆ ಉರುಳುತ್ತ ಉರುಳುತ್ತ ಬಚ್ಚಲಿಂದ ಹೊರಬಂದು ಹೆಂಡತಿಯ ಪಾದದ ಬಳಿ ನಿಂತಿತು.

“ಅಯ್ಯೋ ನನ್ನ ಕರ್ಮವೇ! ಅಪ್ಪನ ಬ್ರಷ್ಷು! ಅಮ್ಮ ಇದ್ದಾಗ ಅವಳೂ ಇದನ್ನ ಮುಟ್ಟಿದವಳಲ್ಲ.”

“ಮೆಲ್ಲಗೆ ಮಾತಾಡೇ, ಪಕ್ಕದ ಮನೆಗೆ ಕೇಳುತ್ತೆ.”

“ಕೇಳಿಸ್ತಪ್ಪ, ಕೇಳಿಸ್ತು,” ಎಂದಿತು ಪಕ್ಕದ ಮನೆ.

ಆ ಮನೆಯ ಅತ್ತೆಮ್ಮ ಹಗಲಿಡೀ ಕಿಟಕಿಯಲ್ಲೇ ಇರುತ್ತಿದ್ದರಿಂದ ಆಕೆಗೆ ‘ಕಿಟಕಿ ಅತ್ತೆ’ ಎಂದೇ ಹೆಸರು. ಆಕೆ ಬಡಪಾಯಿಗಳ ಮೇಲೆ ನಿಜವಾದ ಕರುಣೆಯುಳ್ಳವಳು. ಯಾರ ಕಷ್ಟವನ್ನೂ ಅವರೊಬ್ಬರೇ ಅನುಭವಿಸಲು ಬಿಡುತ್ತಿರಲಿಲ್ಲ. ಅಳಿಯ ಮುಖದ ನೊರೆ ಒರೆಸಿಕೊಳ್ಳುವಷ್ಟರಲ್ಲಿ ಆಕೆ ಎದುರು ಮನೆಯ ಡ್ರಿಲ್ ಮೇಷ್ಟ್ರನ್ನೂ ಕರೆದುಕೊಂಡು ಒಳಗೆ ಬಂದಾಗಿತ್ತು.

ಮೇಷ್ಟ್ರು ಶಾಲೆ ಬಿಟ್ಟಿದ್ದರೂ ಶಾಲೆ ಅವರನ್ನು ಬಿಟ್ಟಿರಲಿಲ್ಲ. ಮುರಿದ ಹಿಡಿಕೆಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು. ಒಳಗೆ ಏನೋ ಕಟಕಟ ಎಂದಿತು.

“ಕೇಳ್ದೇನಯ್ಯಾ? ಮರ ಒಣಗಿ ತಿರುಳು ಕಳಚಿಕೊಂಡಿದೆ. ನೀನು ಮುರೀದಿದ್ರೂ ತಾನಾಗಿ ಮುರೀತಿತ್ತು.”

“ಹಾಗಂತ ಮಾವಂಗೆ ಹೇಳ್ತೀರಾ ಮೇಷ್ಟ್ರೇ?”

“ನಾನ್ಯಾಕೆ ಹೇಳಲಿ? ಅವನಿಗೆ ಗೊತ್ತಾಗದ ಹಾಗೆ ಇಂಥದೇ ಇನ್ನೊಂದು ಮಾಡಿಸು. ಗೊಂಡೆ ಗಟ್ಟಿಯಾಗಿದೆ. ಹಿಡಿಕೆ ಮಾತ್ರ ಹೊಸದು. ನಡೀ, ಎಡ, ಬಲ!”

“ಅಂಟು ಹಾಕಿ ಕೂಡಿಸಿದ್ರೆ ಆಗಲ್ವೇ?” ಎಂದಳು ಹೆಂಡತಿ.

“ನಿಮ್ಮಪ್ಪ ಪ್ಲಾಟ್‌ಫಾರಂ ಆ ತುದಿಯಿಂದ ಹಳಿಯ ಬಿರುಕು ಕಂಡವನಮ್ಮ,” ಎಂದಳು ಕಿಟಕಿ ಅತ್ತೆ. “ಕೂಡಿಸಿದ ಗೆರೆ ಕಾಣದೇ ಇರುತ್ತಾ?”

ಮೆರವಣಿಗೆ ಹೊರಟಿತು. ಮುಂದೆ ಮೇಷ್ಟ್ರು, ನಡುವೆ ಹಸುಗೂಸನ್ನು ಸುತ್ತಿಕೊಂಡಂತೆ ಟವಲಿನಲ್ಲಿ ಹಿಡಿಕೆ ಸುತ್ತಿಕೊಂಡ ಅಳಿಯ, ಹಿಂದೆ ಕಿಟಕಿ ಅತ್ತೆ. ದಾರಿಯಲ್ಲಿ ಕಂಡವರಿಗೆಲ್ಲ ಆಕೆ, “ಏನಿಲ್ಲ, ಏನಿಲ್ಲ, ಯಾರಿಗೂ ಹೇಳೋ ವಿಷಯ ಅಲ್ಲ,” ಎನ್ನುತ್ತ ಹೋದದ್ದರಿಂದ ಸೇತುವೆ ದಾಟುವ ಹೊತ್ತಿಗೆ ಅರ್ಧ ಊರಿಗೆ ವಿಷಯ ತಿಳಿದಿತ್ತು.

ಸೇತುವೆಯಾಚೆ ಮರ ಕಡೆಯುವವನ ಅಂಗಡಿ. ಅವನ ಅಪ್ಪ ಕುರ್ಚಿ ಕಾಲು ಕಡೆಯುತ್ತಿದ್ದ, ಇವನೂ ಅದನ್ನೇ. ಮೊಣಕಾಲಿನವರೆಗೆ ಮರದ ಸಿಪ್ಪೆಯಲ್ಲಿ ನಿಂತು, ಕಾಲಿನಿಂದ ಹಲಗೆ ತುಳಿಯುತ್ತ, ತಿರುಗುವ ಕೊರಡಿಗೆ ಉಳಿ ಹಿಡಿದಿದ್ದ. ಹಿಡಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಚಿಕ್ಕ ಕುರ್ಚಿ,” ಎಂದ.

“ಕುರ್ಚಿ ಅಲ್ಲಪ್ಪಾ, ಬ್ರಷ್ಷು.”

“ಯಾವುದಾದ್ರೇನಣ್ಣ, ಕಾಲು ಕಾಲೇ.”

ಒಂದು ಗಟ್ಟಿ ಮರದ ತುಂಡು ತಿರುಗತೊಡಗಿತು. ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿ ಕಿಟಕಿ ಅತ್ತೆಯ ತುರುಬಿನಲ್ಲಿ ಕೂತಿತು. ಮೊದಲು ಹೂಜಿಯ ಕತ್ತು ಮೂಡಿತು, ಆಮೇಲೆ ಹೊಟ್ಟೆ. ಪಕ್ಕದಲ್ಲಿ ನಿಂತ ಮೇಷ್ಟ್ರು “ಒಳಗೆ! ಹೊರಗೆ! ಸಾಕು!” ಎಂದು ಕವಾಯತು ಮಾಡಿಸುತ್ತಿದ್ದರು. ಕೊನೆಗೆ, “ಗೆರೆ! ಗೆರೆ ಮರೀಬೇಡ!” ಎಂದರು.

ಆ ಗೆರೆಯನ್ನು ಅಳಿಯ ತಾನೇ ಹಾಕಿದ. ರಟ್ಟಿನ ಮೇಲೆ ಕೂದಲೆಳೆಯ ಗೀರು ಎಳೆದು ಪಳಗಿದ ಕೈ. ಉಸಿರು ಬಿಗಿಹಿಡಿದು ಉಳಿಯ ತುದಿ ತಾಗಿಸಿದ. ಹಿಡಿಕೆಯ ಹೊಟ್ಟೆಯ ಸುತ್ತ, ಹಳೆಯದರಲ್ಲಿ ಇದ್ದಂತೆಯೇ, ಸಣ್ಣ ಗೆರೆ ಬಂತು.

“ಭೇಷ್! ಎಂಥಾ ಅಲಂಕಾರ!” ಎಂದಳು ಕಿಟಕಿ ಅತ್ತೆ.

ಅಷ್ಟರಲ್ಲಿ ಮರ ಕಡೆಯುವವನು ಇನ್ನೊಂದು ತುಂಡನ್ನು ಸಿಕ್ಕಿಸಿದ.

“ಇದ್ಯಾಕೆ? ಒಂದೇ ಸಾಕು,” ಎಂದ ಅಳಿಯ.

“ಸಾಕಾಗಲ್ಲಣ್ಣ. ನಾಲ್ಕಾಗದೆ ನನ್ನ ಕೈ ನಿಲ್ಲೋದಿಲ್ಲ. ಮೂರಕ್ಕೆ ಬಿಟ್ರೆ ರಾತ್ರಿ ನಿದ್ದೆ ಬರಲ್ಲ, ಎಲ್ಲೋ ಯಾರೋ ಬಿದ್ದ ಹಾಗೆ ಆಗುತ್ತೆ.”

ಅವನ ನಿದ್ದೆಗೆ ಕಾಯುವಷ್ಟು ಹೊತ್ತು ಇರಲಿಲ್ಲ. ಅಳಿಯ ತನ್ನ ಒಂದನ್ನು ಜೇಬಿಗೆ ಹಾಕಿಕೊಂಡು ಓಡಿದ.

ವಾಪಸು ಬರುವಾಗ ಸೇತುವೆಯ ಮೇಲೆ ಮೇಷ್ಟ್ರು, “ನಿಲ್!” ಎಂದರು. “ಹಳೇದನ್ನ ಮನೆಗೆ ಒಯ್ತೀಯಾ? ಸಾಕ್ಷಿ ಇಟ್ಕೊಂಡು ಯಾರಾದ್ರೂ ತಪ್ಪು ಮಾಡ್ತಾರಾ?”

ಅಳಿಯ ದೇವರಿಗೆ ಭಯಪಡುವವನು. ಮುರಿದ ಹಿಡಿಕೆಯನ್ನು ಕಣ್ಣಿಗೊತ್ತಿಕೊಂಡು, ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡು ಹೊಳೆಗೆ ಬಿಟ್ಟ. ಮೂವರೂ ಕಟ್ಟೆಗೆ ಬಾಗಿ ನೋಡಿದರು. ತೇಲಬೇಕಾದ ಮರ ಗುಳುಕ್ ಎಂದು ಮುಳುಗಿಯೇ ಹೋಯಿತು.

“ಮರ ಮುಳುಗುತ್ತಾ?” ಎಂದ ಅಳಿಯ.

“ನೀನು ಮಾಡಿದ ಪಾಪದ ಭಾರ ಇರಬೇಕು,” ಎಂದಳು ಕಿಟಕಿ ಅತ್ತೆ, ಸಮಾಧಾನದ ದನಿಯಲ್ಲಿ.

ಇನ್ನು ಮಂಚದ ಮೇಲಿನ ಕೆಲಸ. ಗೊಂಡೆಗೆ ಕಚ್ಚಿಕೊಂಡಿದ್ದ ಹಳೆಯ ಕತ್ತಿನ ಚೂರನ್ನು ಬಿಸಿನೀರಿನಲ್ಲಿ ನೆನೆಸಿ ಬಿಡಿಸಿದ. ಗೊಂಡೆಯ ಬುಡಕ್ಕೆ ರಟ್ಟು ಹೊಲಿಯುವ ದಾರ ಸುತ್ತಿದ. ಹೊಸ ಹಿಡಿಕೆಯ ತಲೆಯಲ್ಲಿ ಗುಳಿ ತೋಡಿ, ಅಂಟು ತುಂಬಿ, ಗೊಂಡೆಯನ್ನು ಮೆಲ್ಲಗೆ ಕೂರಿಸಿದ. ಅಂಟಿನ ವಿಷಯದಲ್ಲಿ ಯಾರೂ ಅವನಿಗೆ ಬುದ್ಧಿ ಹೇಳಬೇಕಾಗಿರಲಿಲ್ಲ. ಆದರೂ ಇಬ್ಬರು ಹೇಳಿದರು.

“ಬಣ್ಣ ಬೆಳ್ಳಗಿದೆಯಲ್ಲ. ನಿಮ್ಮ ಮಾವನ ಬ್ರಷ್ಷು ಬಾಣಂತಿ ಹಾಗೆ ಬಿಳಿಚಿಕೊಂಡಿರಲಿಲ್ಲ,” ಎಂದಳು ಅತ್ತೆ.

ಬೂಟಿನ ಪಾಲಿಷ್ ಬಂತು. ಚಹಾದ ಗಷ್ಟು ಬಂತು. ಬಳಿದು, ಉಜ್ಜಿ, ಒಲೆಯ ಬಳಿ ಒಣಗಿಸಿ, ಎಣ್ಣೆ ಸವರಿದ್ದಾಯಿತು. ಮಾವ ದಿನಾ ಬ್ರಷ್ಷನ್ನು ತೊಟ್ಟಿಯ ಅಂಚಿಗೆ ಬಡಿದು ಬಡಿದು ಹಳೆಯ ಹಿಡಿಕೆಯ ಬುಡ ಒಂದು ಕಡೆ ಚಕ್ಕೆ ಎದ್ದಿತ್ತು. ಅದನ್ನು ನೆನಪಿಸಿದವರು ಮೇಷ್ಟ್ರು. ಅಳಿಯ ಚಾಕುವಿನಿಂದ ಅಷ್ಟೇ ಗಾತ್ರದ ಚಕ್ಕೆ ತೆಗೆದ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, “ನನಗೇ ಗುರುತು ಸಿಗ್ತಿಲ್ಲ ಕಣ್ರೀ,” ಎಂದಳು. ಅಳಿಯನಿಗೆ ಆ ಮಾತು ಹೂವಿನ ಹಾರ ಹಾಕಿದಂತಾಯಿತು. ಆಕೆಯ ಸೆರಗು ಮಾತ್ರ ಮಂಚಕ್ಕೆ ಅಂಟಿಕೊಂಡಿತ್ತು.

ಸಂಜೆ ಮಾವ ಬಂದರು. ಕಾಲು ತೊಳೆದು, ಬೆತ್ತದ ಕುರ್ಚಿಯಲ್ಲಿ ಕೂತು, ನೀರು ಕುಡಿದರು. ಕಿಟಕಿ ಅತ್ತೆ ಹೆಪ್ಪಿಗೆ ಸ್ವಲ್ಪ ಮೊಸರು ಬೇಕೆಂದು ಬಂದಳು. ಡ್ರಿಲ್ ಮೇಷ್ಟ್ರು ಪ್ರಯಾಣ ಹೇಗಾಯಿತೆಂದು ಕೇಳಲು ಬಂದರು. ಇಬ್ಬರೂ ಬಂದ ಕೆಲಸ ಮರೆತು ಗೋಡೆಗೆ ಒರಗಿ ನಿಂತರು.

“ದಾರಿಯಿಡೀ ಯೋಚನೆ ಮಾಡಿದೆ ಅಳಿಯಂದಿರೇ,” ಎಂದರು ಮಾವ. “ಇಷ್ಟು ವರ್ಷ ನನ್ನ ಮನೇಲಿದ್ದೀರಿ. ನನ್ನ ಒಂದು ವಸ್ತುವನ್ನೂ ಕೇಳದೆ ಮುಟ್ಟಿದವರಲ್ಲ. ಕೋಣೆ ನಿಮಗೇ.”

ಅಳಿಯನ ಕಣ್ಣಲ್ಲಿ ನೀರಾಡಿತು. ಬಾಗಿಲ ಮೇಲಿನ ಫಲಕ, ಅದರ ಮೇಲಿನ ಅಕ್ಷರ, ಮಳೆಗಾಲಕ್ಕೆ ಅದರ ಮೇಲೊಂದು ತಗಡು, ಎಲ್ಲವೂ ಒಂದೇ ಗಳಿಗೆಯಲ್ಲಿ ಕಂಡವು.

“ಹೋಗಿ ನನ್ನ ಬ್ರಷ್ಷು ತಗೊಂಡು ಬನ್ನಿ.”

“ಬ್... ಬ್ರಷ್ಷೇ? ಕ್ಷೌರ ಬೆಳಿಗ್ಗೆ ಅಲ್ವಾ ಮಾವ?”

“ಕ್ಷೌರಕ್ಕೆ ಅಂತ ಯಾರು ಹೇಳಿದ್ರು? ತನ್ನಿ.”

ಅಳಿಯ ತಂದುಕೊಟ್ಟ. ಮಾವ ಅದನ್ನು ಅಂಗೈಯಲ್ಲಿ ಹಿಡಿದರು. ಹೆಬ್ಬೆರಳು ತಾನಾಗಿ ಹೋಗಿ ಬುಡದ ಚಕ್ಕೆಯ ಮೇಲೆ ಕೂತಿತು. ಮುಖ ಅರಳಿತು. ಗೋಡೆಯ ಬಳಿ ಇಬ್ಬರು ಒಟ್ಟಿಗೆ ಉಸಿರು ಬಿಟ್ಟರು. ಮಾವ ಹಿಡಿಕೆಯ ಮೇಲು ಭಾಗವನ್ನು ಒಂದು ಕೈಯಲ್ಲಿ, ಬುಡವನ್ನು ಇನ್ನೊಂದು ಕೈಯಲ್ಲಿ ಹಿಡಿದು ತಿರುಗಿಸಿದರು. ಅದು ಮಿಸುಕಲಿಲ್ಲ.

“ನಮ್ಮಪ್ಪ ಕೈಯಾರೆ ಮಾಡಿದ್ದು ಇದು,” ಎಂದರು. “ಈ ಗೆರೆ ನೋಡಿದ್ರಾ? ಎಲ್ಲರೂ ಅಲಂಕಾರ ಅಂದ್ಕೋತಾರೆ. ಇದು ಮುಚ್ಚಳ. ಒಳಗೆ ಟೊಳ್ಳು. ಕೋಣೆ ಬೀಗದ ಕೈ ನಾನು ಇಟ್ಟಿರೋದು ಇದರಲ್ಲೇ.”

ಅಳಿಯನ ಕಿವಿಯಲ್ಲಿ ಗುಳುಕ್ ಎಂದಿತು.

“ಯಾಕೋ ಬಿಗಿದುಕೊಂಡಿದೆ. ನೀವು ತಿರುಗಿಸಿ ನೋಡಿ. ಎಳೇ ಕೈ.”

ಅಳಿಯ ತಿರುಗಿಸಿದ. ತಾನೇ ಗೆರೆ ಎಳೆದ ಇಡೀ ಒಂದೇ ಮರದ ತುಂಡನ್ನು, ಹಲ್ಲು ಕಚ್ಚಿ, ಬೆವರು ಸುರಿಸಿ ತಿರುಗಿಸಿದ. ಮೇಷ್ಟ್ರು ಅಭ್ಯಾಸಬಲದಿಂದ “ಎಡಕ್ಕೆ!” ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡರು. ಕಿಟಕಿ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಅಪ್ಪಾ, ಬೀಗ ಒಡೆಸಿದ್ರಾಯ್ತಲ್ಲ,” ಎಂದಳು ಮಗಳು, ಬಹಳ ಸಣ್ಣ ದನಿಯಲ್ಲಿ.

“ಛೆ, ಬೀಗದ ಕೈ ಮನೇಲಿರುವಾಗ ಬೀಗ ಒಡೆಯೋದು ಕಳ್ಳರ ಕೆಲಸ ಮಗಾ. ಮರ ಹಿಗ್ಗಿರಬೇಕು. ದಿನಾ ಒಂದಿಷ್ಟು ತಿರುಗಿಸ್ತಾ ಇರಲಿ. ತೆರೆದ ದಿನವೇ ಫಲಕ ಹಾಕಿಸೋಣ.”

ಆಗ ಹೊರಗಿನಿಂದ ಯಾರೋ, “ಅಣ್ಣಾ!” ಎಂದರು. ಮೈತುಂಬ ಮರದ ಸಿಪ್ಪೆ ಹೊತ್ತು ಮರ ಕಡೆಯುವವನು ಒಳಗೆ ಬಂದ.

“ಬೆಳಿಗ್ಗೆ ಅವಸರದಲ್ಲಿ ಒಂದೇ ತಗೊಂಡು ಬಂದ್ರಿ. ಜೊತೆಯವನ್ನ ಬಿಟ್ಟು ಅದೊಂದೇ ಹೇಗಣ್ಣ ನಿಲ್ಲುತ್ತೆ? ನೀವು ಹಾಕಿದ ಹಾಗೇ ಗೆರೆನೂ ಹಾಕಿದ್ದೀನಿ,” ಎಂದು ಮಾವನ ಮುಂದಿದ್ದ ಸಣ್ಣ ಸ್ಟೂಲಿನ ಮೇಲೆ ಮೂರು ಹಿಡಿಕೆಗಳನ್ನು ಒಂದೊಂದಾಗಿ ಇಟ್ಟು, ಮನಸ್ಸು ಹಗುರಾಗಿ ಹೊರಟುಹೋದ.

ಮಾವ ಅಳಿಯನ ಕೈಯಿಂದ ಬ್ರಷ್ಷನ್ನು ತೆಗೆದುಕೊಂಡು, ಮೂಗಿನ ಬಳಿ ಹಿಡಿದು ಒಮ್ಮೆ ಮೂಸಿದರು. ಅದನ್ನು ಆ ಮೂರರ ಪಕ್ಕಕ್ಕೆ ಸಾಲಾಗಿ ನಿಲ್ಲಿಸಿ, ರೈಲಿನ ಡಬ್ಬಿಗಳನ್ನು ನೋಡುವಂತೆ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿದರು. ಆಮೇಲೆ ಅಳಿಯನ ಅಂಗೈಗೆ ಹತ್ತಿದ್ದ ಬೂಟಿನ ಪಾಲಿಷ್ ನೋಡಿದರು. ಕೋಪವೇನೂ ಬಂದಂತೆ ಕಾಣಲಿಲ್ಲ. ಅವರ ಮುಖದಲ್ಲಿ ಪ್ರಾರ್ಥನೆಗೆ ಕೂರುವ ಮೊದಲಿನ ಶಾಂತಿಯೇ ಇತ್ತು.

“ಹಾಗಾದ್ರೆ ನಾಲ್ಕನ್ನೂ ತಿರುಗಿಸಿ ಅಳಿಯಂದಿರೇ,” ಎಂದರು. “ಯಾವುದು ತೆರೆದರೂ ಕೋಣೆ ನಿಮ್ಮದೇ.”

ಹಾಗೆಂದು ಎದ್ದು, ದೀಪ ಹಚ್ಚಲು ಒಳಗೆ ಹೋದರು. ಅಳಿಯ ಸಾಲಿನ ಮೊದಲ ಹಿಡಿಕೆಯನ್ನು ಕೈಗೆತ್ತಿಕೊಂಡ.

ಗೋಡೆಯ ಬಳಿಯಿಂದ ಮೇಷ್ಟ್ರು ಮೆಲ್ಲಗೆ ಹೇಳಿದರು:

“ಎಡಕ್ಕೆ.”