ಅತ್ತೆಯ ಶೆಡ್ಡಿಗೆ ಬಂದ ಸೀಟಿಲ್ಲದ ದೋಣಿ

ನಮ್ಮ ಅತ್ತೆ ಇದುವರೆಗೂ ಸಮುದ್ರ ನೋಡಿಲ್ಲ. ಆದರೆ ಸಮುದ್ರದ ಮೇಲೆ ಓಡಬೇಕಾದ ಗಾಡಿಯೊಂದು ಅತ್ತೆಯನ್ನು ನೋಡಲು ಚಳ್ಳಕೆರೆಯವರೆಗೆ ಬಂದಿತ್ತು! ಇದನ್ನು ಯಾರ ಮುಂದೆ ಹೇಳಿದರೂ ಮೊದಲು ನನ್ನ ಮುಖ ನೋಡುತ್ತಾರೆ. ಆಮೇಲೆ "ನಿಮ್ಮ ಕಡೆ ಬಿಸಿಲು ಸ್ವಲ್ಪ ಜಾಸ್ತಿ ಅಲ್ವಾ?" ಎಂದು ಮೆಲ್ಲಗೆ ಕೇಳುತ್ತಾರೆ. ಜಾಸ್ತಿ, ನಿಜ. ನಾನು ಹೇಳುತ್ತಿರುವುದೂ ನಿಜ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಹುಟ್ಟಿದ್ದು ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ, ಸೇರಿದ್ದು ಚಳ್ಳಕೆರೆಯಲ್ಲಿ ಬೋರ್‌ವೆಲ್ ಮೋಟರ್ ರಿಪೇರಿ ಮಾಡುತ್ತಿದ್ದ ಮಾವನ ಮನೆಗೆ. ಮದುವೆಯಾದ ಹೊಸತರಲ್ಲಿ ಮಾವ ಒಂದು ಸುಟ್ಟ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತುತ್ತಾ, ಸುತ್ತಿನ ಲೆಕ್ಕ ತಪ್ಪಿ, ಮೂರು ಸಲ ಬಿಚ್ಚಿದರಂತೆ. ಒಲೆಯ ಮುಂದಿದ್ದ ಹೊಸ ಹೆಂಡತಿ ಎದ್ದು ಬಂದು, "ಕೊಡ್ರಿ ಇತ್ಲಾಗೆ. ನಮ್ಮನೇಲಿ ಇದಕ್ಕಿಂತ ಸಣ್ಣ ಎಳೇನ ಮಾತಾಡ್ಕಂಡೇ ಎಣಿಸ್ತಾರೆ" ಎಂದಳಂತೆ. ಅಂದಿನಿಂದ ತಂತಿ ಸುತ್ತುವ ಕೆಲಸ ಅತ್ತೆಯದು, ಹೊಗಳಿಸಿಕೊಳ್ಳುವ ಕೆಲಸ ಮಾವನದು. ಮಾವ ತೀರಿಕೊಂಡ ಮೇಲೆ ಎರಡೂ ಅತ್ತೆಯದೇ ಆಯಿತು.

ಇಷ್ಟೇ ಆಗಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಅತ್ತೆಯ ತೊಂದರೆ ಏನೆಂದರೆ, ಕೆಟ್ಟ ಯಂತ್ರ ಕಣ್ಣಿಗೆ ಬಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ಅದು ಯಾರದು, ಎಲ್ಲಿದೆ, ಎಂಥ ಹೊತ್ತು, ಊಹೂಂ, ಯಾವ ಲೆಕ್ಕವೂ ಇಲ್ಲ. ಕೊಂಡ್ಲಹಳ್ಳಿಯಲ್ಲಿ ನೆಂಟರ ಮದುವೆ. ಧಾರೆಯ ಹೊತ್ತು. ನಾವೆಲ್ಲ ಅಕ್ಷತೆ ಹಿಡಿದು ನಿಂತಿದ್ದೇವೆ. ಅತ್ತೆಯ ಕಿವಿ ಮಾತ್ರ ಛತ್ರದ ಹಿಂದಿನ ಜನರೇಟರಿನ ಕಡೆ.

"ಬೇರಿಂಗ್ ಅಳ್ತೈತೆ ಕಣೋ."

"ಅತ್ತೆ, ಅಲ್ಲಿ ಹುಡುಗಿ ಅಳ್ತಾವ್ಳೆ, ಅದನ್ನ ನೋಡು."

"ಹುಡುಗಿ ಇವತ್ತು ಅತ್ತು ನಾಳೆ ಸುಮ್ನಾಗ್ತಾಳೆ. ಬೇರಿಂಗ್ ಸುಮ್ನಾಗಲ್ಲ."

ನಾನು ಅತ್ತ ತಿರುಗಿ ಇತ್ತ ತಿರುಗುವಷ್ಟರಲ್ಲಿ ಅತ್ತೆ ಮಾಯ! ಮರುಕ್ಷಣ ಛತ್ರದ ದೀಪ, ಫ್ಯಾನು, ಮೈಕು ಎಲ್ಲವೂ ಮಾಯ! ತಾಳಿ ಕಟ್ಟಿದ್ದು ಮೊಬೈಲಿನ ಬೆಳಕಿನಲ್ಲಿ. ಕಾಲು ಗಂಟೆಯಲ್ಲಿ ಜನರೇಟರ್ ಹೂವಿನ ಹಾಗೆ ಮೆತ್ತಗೆ ಓಡತೊಡಗಿತು ಎನ್ನುವುದನ್ನು ಯಾರೂ ನೆನೆಯುವುದಿಲ್ಲ ಬಿಡಿ. ಆ ಮದುವೆಯ ಆಲ್ಬಮ್ಮಿನಲ್ಲಿ, ಮೊಳಕಾಲ್ಮೂರು ರೇಷ್ಮೆ ಸೀರೆ ಉಟ್ಟು, ಒಂದು ಕೈಯಲ್ಲಿ ಸ್ಪ್ಯಾನರ್ ಹಿಡಿದು, ಇನ್ನೊಂದು ಕೈಯಲ್ಲಿ ಗ್ರೀಸ್ ಮೆತ್ತಿದ ಅಕ್ಷತೆ ಹಾಕುತ್ತಿರುವ ಹೆಂಗಸು ನಮ್ಮ ಅತ್ತೆಯೇ.

ಇಂಥ ಅತ್ತೆಯ ಶೆಡ್ಡಿನ ಮುಂದೆ ಹೋದ ವರ್ಷ ಒಂದು ಸಣ್ಣ ಗೂಡ್ಸ್ ಗಾಡಿ ಬಂದು ನಿಂತಿತು. ಮೇಲೆ ಕೆಂಪು ಬಣ್ಣದ, ಮೂತಿ ಚೂಪಾದ ಒಂದು ವಸ್ತು. ತಂದವನು ಹಿರಿಯೂರು ಕಡೆಯ ಜಲಾಶಯದ ಹಿನ್ನೀರಿನಲ್ಲಿ ಪ್ರವಾಸಿಗರಿಗೆ ದೋಣಿ ಓಡಿಸುವವನು. ಇದರ ಹೆಸರು ಜೆಟ್ ಸ್ಕೀ ಎಂದ. ಬೀದಿಯವರೆಲ್ಲ ಸೇರಿದರು. ಅತ್ತೆ ಒಂದು ಸುತ್ತು ಬಂದಳು.

"ಚಕ್ರ ಎಲ್ಲೈತೆ?"

"ಇದು ನೀರ್ ಮೇಲೆ ಓಡಾದು ಅಮ್ಮಾರೆ."

"ಸರಿ, ಸೀಟ್ ಎಲ್ಲೈತೆ?"

"ಸೀಟಿಲ್ರಿ. ಹ್ಯಾಂಡಲ್ ಹಿಡ್ಕಂಡು ನಿಂತ್ಕಂಡೇ ಓಡಿಸ್ಬೇಕು."

"ನಮ್ಮೂರ ಬಸ್ಸಿದ್ದಂಗೆ ಅನ್ನು" ಎಂದಳು ಅತ್ತೆ. ಅಲ್ಲಿಗೆ ಜೆಟ್ ಸ್ಕೀಯ ಪರಿಚಯ ಮುಗಿಯಿತು.

ಕಾಯಿಲೆ ಇಷ್ಟೇ. ನೀರಿಗಿಳಿಸಿ ಅರ್ಧ ಗಂಟೆ ಓಡಿಸಿದರೆ ಅದರ ಹೊಟ್ಟೆಯೊಳಗೆ ನೀರು ತುಂಬುತ್ತಿತ್ತು. ಎಲ್ಲಿಂದ ಎಂದು ಯಾರಿಗೂ ತಿಳಿಯದು. ದೊಡ್ಡ ದೊಡ್ಡ ಊರುಗಳ ಮೂವರು ಮೆಕ್ಯಾನಿಕ್ಕುಗಳು ನೋಡಿ, ಒಬ್ಬೊಬ್ಬರೂ ಅದರ ತಳಕ್ಕೆ ಬಿಳಿ ಅಂಟು ಮೆತ್ತಿ ಕಳಿಸಿದ್ದರು. ತಳ ನೋಡಿದರೆ ಸುಟ್ಟ ಗಾಯಕ್ಕೆ ಮುಲಾಮು ಹಚ್ಚಿದಂತಿತ್ತು. "ಸೋರೋದು ಹುಡುಕೋದು ಅಂದ್ರೆ ಚಳ್ಳಕೆರೆ ಅಮ್ಮ ಅಂತ ಯಾರೋ ಅಂದ್ರು" ಎಂದ ದೋಣಿಯವನು. ಅತ್ತೆಯ ಕುತ್ತಿಗೆ ಎರಡಿಂಚು ಉದ್ದವಾದದ್ದನ್ನು ನಾನೇ ಕಂಡೆ.

ಅತ್ತೆಯ ಮಗ, ನನ್ನ ಭಾವ, ಅಲ್ಲೇ ನಿಂತಿದ್ದ. ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಅವನ ಮುಖ ಹುಳ್ಳಗಾಗಿತ್ತು. ಕಾರಣವಿತ್ತು. ಅತ್ತೆ ತಂತಿ ಸುತ್ತಿ ಕಳಿಸಿದ ಮೋಟರ್ ವಾಪಸ್ ಬಂದದ್ದು ಜೀವಮಾನದಲ್ಲೇ ಇರಲಿಲ್ಲ. ಆದರೆ ಆ ತಿಂಗಳು ಎರಡು ಮೋಟರ್ ಹೊಗೆಯಾಡುತ್ತಾ ವಾಪಸ್ ಬಂದಿದ್ದವು. ಬಂದ ರೈತರು ಬಾಯಿಬಿಟ್ಟು ಬೈಯಲಿಲ್ಲ. ಬೈದಿದ್ದರೆ ಅತ್ತೆಗೆ ಅಷ್ಟು ನೋವಾಗುತ್ತಿರಲಿಲ್ಲ.

"ಅವ್ವ, ಸಾಕು. ಶೆಡ್ ಮುಚ್ಚು. ಇನ್ನ ಆರಾಮಾಗಿ ಮನೇಲಿರು" ಎಂದ ಭಾವ.

"ಇದೊಂದು ಮಾಡ್ತೀನಿ. ಸೋರೋ ಜಾಗ ಸಿಕ್ಕಿಲ್ಲ ಅಂದ್ರೆ ನಾನೇ ಮುಚ್ತೀನಿ, ನಿನ್ ಕೈಲಿ ಹೇಳಿಸ್ಕಣಲ್ಲ."

"ಸಿಕ್ರೆ?"

"ಸಿಕ್ರೆ ನೀನು ಬಾಯ್ ಮುಚ್ಬೇಕು!"

ಬೀದಿಯವರೆಲ್ಲ ಸಾಕ್ಷಿ. ನಾನು ಮೊಳಕಾಲ್ಮೂರಿನ ನನ್ನ ಶಾಲೆಗೆ ಹೊರಡಬೇಕಾದವನು ರಜೆ ಹಾಕಿ ಕೂತೆ. ಇಂಥದ್ದನ್ನು ಬಿಟ್ಟು ಹೋಗಿ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರು ಎಲ್ಲಾದರೂ ಇದ್ದಾನೆಯೇ?

ಮರುದಿನ ಅತ್ತೆ ಮಾಡಿದ ಮೊದಲ ಕೆಲಸ, ಮೂವರು ಮೆಕ್ಯಾನಿಕ್ಕುಗಳ ಮುಲಾಮನ್ನೆಲ್ಲ ಕೆರೆದು ಎಸೆದದ್ದು. ಎರಡನೆಯ ಕೆಲಸದಿಂದ ಬೀದಿಯಲ್ಲಿ ಗಲಾಟೆಯೇ ಆಯಿತು. ಜೆಟ್ ಸ್ಕೀಯನ್ನು ಎರಡು ಕಲ್ಲಿನ ಮೇಲೆ ಎತ್ತಿರಿಸಿ, ಅದರ ಹೊಟ್ಟೆಗೆ ಬಿಂದಿಗೆ ಬಿಂದಿಗೆ ನೀರು ಸುರಿಯತೊಡಗಿದಳು! ನಲ್ಲಿಯಲ್ಲಿ ನೀರು ಬಂದ ದಿನವೇ ಹಬ್ಬವಾದ ನಮ್ಮ ಚಳ್ಳಕೆರೆಯಲ್ಲಿ!

"ಏನಕ್ಕಾ ಇದು? ದೋಣಿ ನೀರಾಗಿರ್ಬೇಕು. ನೀನು ನೀರ್ನೇ ದೋಣಿಯಾಗೆ ಹಾಕ್ತೀಯಲ್ಲ!" ಎಂದಳು ಪಕ್ಕದ ಮನೆಯಾಕೆ.

"ನೀರು ಒಳಗೆ ಬರೋ ದಾರಿ ಇದ್ರೆ, ಅದೇ ದಾರೀಲಿ ಹೊರಗೂ ಬರ್ಬೇಕಲ್ಲ? ನೀನು ಗಡಿಗೆ ಕೊಳ್ಳುವಾಗ ಯಂಗೆ ನೋಡ್ತೀಯ?"

ಎಂಜಿನ್ನಿಗೆ ತಾಗದಷ್ಟು ತುಂಬಿ, ಅತ್ತೆ ನಾನು ಇಬ್ಬರೂ ನೆಲದ ಮೇಲೆ ಕೂತು ತಳ ನೋಡಿದೆವು. ಒಂದು ಗಂಟೆ ಕಳೆಯಿತು. ಒಂದು ಹನಿ ಬೀಳಲಿಲ್ಲ. ಪಕ್ಕದ ಮನೆಯಾಕೆಗೆ ಇದ್ದಕ್ಕಿದ್ದಂತೆ ಜೆಟ್ ಸ್ಕೀಯ ಮೇಲೆ ಗೌರವ ಹುಟ್ಟಿತು. "ಒಂಚೂರೂ ಸೋರಲ್ಲ ಕಣಕ್ಕ. ಇದ್ನ ವಾಪಸ್ ಕೊಡಬ್ಯಾಡ, ನಲ್ಲಿ ಹತ್ರ ಇಟ್ಕಳಾಣ!" ಎಂದಳು. ಭಾವ ಮಾತ್ರ ನಗಲಿಲ್ಲ. ಸೋರುವ ಜಾಗವೇ ಇಲ್ಲವೆಂದರೆ ಅತ್ತೆ ಸೋತ ಹಾಗೆಯೇ ಅಲ್ಲವೇ?

ಅತ್ತೆಗೆ ಮಾತ್ರ ಪರಮಾನಂದ! "ತಳ ಗಟ್ಟಿ ಐತೆ ಅಂದ್ರೆ ಕಳ್ಳ ಮನೆಯೊಳಗೇ ಅವ್ನೆ" ಎಂದಳು. ಆ ಎಂಜಿನ್ನು ಓಡುವಾಗ ತನ್ನ ಮೈ ತಣ್ಣಗಿರಲಿ ಎಂದು ಕೆರೆಯ ನೀರನ್ನೇ ಸಣ್ಣ ಪೈಪುಗಳಲ್ಲಿ ಎಳೆದುಕೊಂಡು ಮೈಮೇಲೆ ಓಡಾಡಿಸಿಕೊಳ್ಳುತ್ತದೆಯಂತೆ. "ಹೊಲದ ಪೈಪ್ ಒಡೆದಿದ್ರೆ ಮೋಟರ್ ಆಫ್ ಮಾಡಿ ಹುಡುಕ್ತಾರೇನೋ? ಒತ್ತಡ ಬಂದಾಗ್ಲೇ ಅದು ಬಾಯಿಬಿಡಾದು" ಎಂದು, ಶೆಡ್ಡಿನ ಪಂಪಿನ ಪೈಪನ್ನು ತಂದು ಆ ಸಣ್ಣ ಪೈಪಿನ ಬಾಯಿಗೆ ಕಟ್ಟಿ ನೀರು ಬಿಟ್ಟಳು. ಒಳಗೆಲ್ಲೋ ಚಿರ್ರೆಂದಿತು. ಎಲ್ಲಿ? ಆ ಇಕ್ಕಟ್ಟಿನಲ್ಲಿ ಟಾರ್ಚು ಬಿಟ್ಟರೆ ಎಲ್ಲವೂ ಒದ್ದೆ, ಎಲ್ಲವೂ ಫಳಫಳ.

ಅತ್ತೆ ನೀರು ನಿಲ್ಲಿಸಿ ಮನೆಯೊಳಗೆ ಹೋದಳು. ಸೋತಳೇನೋ ಎಂದುಕೊಂಡೆ. ಅವಳು ಹೊರಬಂದದ್ದು ಒಂದು ಕೈಯಲ್ಲಿ ಅರಿಶಿನದ ಡಬ್ಬಿ, ಇನ್ನೊಂದರಲ್ಲಿ ಸುಣ್ಣದ ಪುಡಿ ಹಿಡಿದು! ಎಂಜಿನ್ನನ್ನು ಬಟ್ಟೆಯಲ್ಲಿ ಒರೆಸಿ, ನಮ್ಮೂರ ಬಿಸಿಲಿಗೆ ಒಂದು ಗಂಟೆ ಒಣಗಿಸಿ, ಅರಿಶಿನ ಸುಣ್ಣ ಎರಡನ್ನೂ ಬೆರೆಸಿ ಪೈಪುಗಳ ಮೇಲೆಲ್ಲ ತೆಳ್ಳಗೆ ಉದುರಿಸಿದಳು.

"ಅವ್ವ, ಅದು ಮಿಷನ್ನು. ಮದುಮಗಳಲ್ಲ" ಎಂದ ಭಾವ, ಅಳುವ ದನಿಯಲ್ಲಿ.

ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬಳು ಇದು ಹೊಸ ಗಾಡಿಯ ಪೂಜೆ ಎಂದುಕೊಂಡು ಎರಡು ಊದುಬತ್ತಿ ಹಚ್ಚಿಟ್ಟು ಕೈಮುಗಿದಳು. ದೋಣಿಯವನೂ ಚಪ್ಪಲಿ ಬಿಟ್ಟು ನಿಂತ. ಅತ್ತೆ ಯಾರನ್ನೂ ಗಮನಿಸದೆ ಮತ್ತೆ ಪಂಪು ಹಾಕಿದಳು.

ಅರಿಶಿನ ಸುಣ್ಣಕ್ಕೆ ನೀರು ತಾಗಿದರೆ ಏನಾಗುತ್ತದೆ? ಆರತಿ ತಟ್ಟೆ ನೋಡಿದ ಯಾರಿಗೂ ಗೊತ್ತು. ಗೊತ್ತಿದ್ದರೂ ನನಗೆ ಹೊಳೆದಿರಲಿಲ್ಲ, ಮೂವರು ಮೆಕ್ಯಾನಿಕ್ಕುಗಳಿಗಂತೂ ಹೊಳೆದೇ ಇರಲಿಲ್ಲ! ಹಳದಿಯ ನಡುವೆ, ಎಂಜಿನ್ನಿನ ಬೆನ್ನ ಹಿಂದೆ ಪೈಪು ಬಾಗುವ ಕಡೆ, ಕ್ಲಿಪ್ಪಿನ ಕೆಳಗಿನಿಂದ ಕೆಂಪು ಗೆರೆಯೊಂದು ನಿಧಾನವಾಗಿ ಇಳಿಯಿತು. ಕ್ಲಿಪ್ಪು ಬಿಚ್ಚಿದರೆ ರಬ್ಬರಿನಲ್ಲಿ ಕೂದಲೆಳೆಯಷ್ಟು ಸೀಳು. ಅಷ್ಟೇ! ಟ್ರ್ಯಾಕ್ಟರಿಗೆ ಹಾಕುವ ಗಟ್ಟಿ ರಬ್ಬರ್ ಪೈಪಿನ ಒಂದು ಗೇಣು ತುಂಡು ಹಾಕಿ, ಎರಡು ಕಡೆ ಹೊಸ ಕ್ಲಿಪ್ಪು ಬಿಗಿದು ಅತ್ತೆ ಎದ್ದಳು. ಬೀದಿಯವರು ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಹೊಡೆದದ್ದು ನಾನು. ನನ್ನ ಅತ್ತೆ ಕಣ್ರಪ್ಪಾ ಇವಳು ಎಂದು ಕೂಗಬೇಕೆನಿಸಿತ್ತು. ಬಹುಶಃ ಕೂಗಿಯೂ ಇದ್ದೆ.

"ನೀರಿಗಿಳಿಸಿ ನೋಡೋ ತನಕ ಒಪ್ಪಲ್ಲ" ಎಂದ ಭಾವ.

ಭಾನುವಾರ ನಾವು ಮೂವರೂ ದೋಣಿಯವನ ಜೊತೆ ಹಿನ್ನೀರಿಗೆ ಹೋದೆವು. ಅಷ್ಟು ದೊಡ್ಡ ನೀರು ಕಂಡು ಅತ್ತೆಗೆ ಸಿಟ್ಟೇ ಬಂತು. "ಇಷ್ಟು ನೀರು ಸುಮ್ನೆ ಬಿದ್ದೈತಲ್ಲೋ!" ಎಂದಳು. ದೋಣಿಯವನು ಜೆಟ್ ಸ್ಕೀಯ ಮೇಲೆ ಮೊದಲು ಮಂಡಿಯೂರಿ, ಆಮೇಲೆ ಎದ್ದು ನಿಂತು, ನೀರು ಸೀಳಿಕೊಂಡು ಹೋದ. ಮುಕ್ಕಾಲು ಗಂಟೆ ಓಡಿಸಿ ದಡಕ್ಕೆ ತಂದ. ಮುಚ್ಚಳ ತೆಗೆಯಲು ಬಗ್ಗಿದವನನ್ನು ಅತ್ತೆ ತಡೆದಳು. "ಯಾರೂ ಮುಟ್ಬ್ಯಾಡ್ರಿ, ನಾನು ನೋಡ್ತೀನಿ."

ಮೊಣಕೈವರೆಗೂ ಕೈ ಬಿಟ್ಟು ತಳವನ್ನೆಲ್ಲ ತಡಕಿದಳು. ಕೈ ಹೊರಗೆ ತೆಗೆದಳು, ಮತ್ತೆ ಬಿಟ್ಟಳು. ಮತ್ತೆ ತೆಗೆದು ಬೆರಳುಗಳನ್ನು ಒಂದಕ್ಕೊಂದು ಉಜ್ಜಿದಳು. ಸೋರಿದೆ ಎಂದುಕೊಂಡೆ. ಅತ್ತೆ ನನ್ನನ್ನು ಹತ್ತಿರ ಕರೆದು, ಬೆರಳುಗಳನ್ನು ನನ್ನ ಮುಂದೆ ಹಿಡಿದು ತೆಲುಗಿನಲ್ಲಿ ಪಿಸುಗುಟ್ಟಿದಳು. ಕನ್ನಡವೇ ಮನೆಮಾತಾಗಿ ಎಷ್ಟೋ ವರ್ಷವಾಗಿದ್ದರೂ ಗುಟ್ಟಿಗೆ ಅವಳಿಗೆ ತೌರಿನ ತೆಲುಗೇ ಬೇಕು.

"ಒರೇಯ್, ನಾ ಚೆಯ್ಯಿ ತಡಿಗಾ ಉಂದಾ?"

ತನ್ನ ಕೈ ಒದ್ದೆಯಾಗಿದೆಯೇ ಎಂದು ಕೇಳುತ್ತಿದ್ದಳು. ಅವಳ ಬೆರಳಿಗೆ ತಿಳಿಯುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಬೆರಳ ತುದಿಯ ಸ್ಪರ್ಶವನ್ನೆಲ್ಲ ತಿಂದು ಎಷ್ಟು ದಿನವಾಗಿತ್ತೋ, ಯಾರಿಗೂ ಹೇಳಿರಲಿಲ್ಲ. ತಂತಿಯ ಮೇಲಿನ ಲೇಪ ಎಲ್ಲಿ ಕಿತ್ತುಹೋಗಿದೆ ಎಂದು ಮುಟ್ಟಿ ತಿಳಿಯಲಾಗದೆಯೇ ಆ ಎರಡು ಮೋಟರ್ ಸುಟ್ಟದ್ದು.

ಉತ್ತರ ಕೊಟ್ಟವನು ಭಾವ. ತೆಲುಗು ಅವನಿಗೂ ಬರುತ್ತದೆ ಎಂಬುದನ್ನು ಆ ಗಾಬರಿಯಲ್ಲಿ ಅತ್ತೆ ಮರೆತಿದ್ದಳು. ಅವನು ಬಂದು ಅವಳ ಬೆರಳುಗಳನ್ನು ಹಿಡಿದು ನೋಡಿದ. ಆಮೇಲೆ ತನ್ನ ಕೈಯನ್ನೇ ಒಳಗೆ ಬಿಟ್ಟು ಮೂಲೆಮೂಲೆಯನ್ನೂ ತಡಕಿದ.

"ಒಣಗೈತವ್ವ. ಒಂದು ಹನೀನೂ ಇಲ್ಲ" ಎಂದ.

ಅತ್ತೆ ತಲೆ ತಗ್ಗಿಸಿದಳು. ಪಂದ್ಯ ಗೆದ್ದವಳ ಮುಖ ಅದಾಗಿರಲಿಲ್ಲ.

"ನಾಳೆ ಶೆಡ್ ಎಷ್ಟೊತ್ತಿಗೆ ತೆಗೀತೀಯ?" ಎಂದು ಕೇಳಿದ ಭಾವ. "ತಂತಿ ನಾನು ಮುಟ್ಟಿ ನೋಡ್ತೀನಿ. ನೀನು ಸುತ್ತು ಎಣಿಸು."

ಅತ್ತೆ ಅವನ ಕೈ ಹಿಡಿದುಕೊಂಡಳು. ಆಮೇಲೆ ಅವನ ಕೈ ಬಿಡದೆಯೇ, "ಏಳಕ್ಕೆ ಬರ್ಬೇಕು. ತಡ ಮಾಡಿದ್ರೆ ಬೈಸ್ಕಂತೀಯ ನೋಡು" ಎಂದಳು.