ನನ್ನ ಎಕ್ಸ್‌ರೇ ಮಷಿನ್ನಿಗೆ ಸಿಕ್ಕ ಮರ್ಯಾದೆ

ಬೇರೆಯವರ ಸಂಶೋಧನೆಗೆ ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ. ನನ್ನದಕ್ಕೆ ಮಾತ್ರ ಹೋದಲ್ಲೆಲ್ಲ ಅವಮಾನವೇ ಆಗುತ್ತಿತ್ತು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಕೊನೆ. ತುಮಕೂರಿನ ಒಂದು ಕಾಲೇಜಿನಲ್ಲಿ ನಾನು ಎಲೆಕ್ಟ್ರಿಕಲ್ ಮೇಷ್ಟ್ರು. ವೋಲ್ಟೇಜ್ ಎಷ್ಟೇ ಕುಸಿದರೂ ಕೆಲಸ ಮಾಡುವ ಪುಟ್ಟ ಎಕ್ಸ್‌ರೇ ಮಷಿನ್ ಒಂದನ್ನು ಕಟ್ಟಲು ಆರು ವರ್ಷ ಸವೆಸಿದ್ದೆ. ಪ್ರಿನ್ಸಿಪಾಲರು ಖಡಾಖಂಡಿತವಾಗಿ ಹೇಳಿದರು: "ಐವತ್ತು ಜನರ ಫಿಲ್ಮ್ ತೆಗೆದು ಡಾಕ್ಟರ ಸಹಿ ತನ್ನಿ. ಇಲ್ದಿದ್ರೆ ಲ್ಯಾಬ್ ಖಾಲಿ ಮಾಡಿ. ಮುರಿದ ಬೆಂಚು ಇಡೋಕೆ ನನಗೆ ಜಾಗ ಇಲ್ಲ." ನನ್ನ ಆರು ವರ್ಷಕ್ಕೂ ಮುರಿದ ಬೆಂಚಿಗೂ ಪೈಪೋಟಿ!

ಎಣ್ಣೆ

ಮಷಿನ್ನಿನ ಹೈವೋಲ್ಟೇಜ್ ಭಾಗ ಎಣ್ಣೆ ತುಂಬಿದ ಒಂದು ಡಬ್ಬದೊಳಗಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಗುಬ್ಬಿ ಬಸ್ಸು ಹತ್ತಿದೆ. "ಏನ್ ಸಾರ್ ಅದು?" ಎಂದ ಕಂಡಕ್ಟರ್. ಎಂಬತ್ತು ಸಾವಿರ ವೋಲ್ಟ್ ಹೇಗೆ ಹುಟ್ಟುತ್ತದೆ ಅಂತ ಮಲ್ಲಸಂದ್ರ ದಾಟುವವರೆಗೂ ವಿವರಿಸಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಳಗಿರುವುದು ಟ್ರಾನ್ಸ್‌ಫಾರ್ಮರ್ ಎಣ್ಣೆ ಎಂದದ್ದೇ ತಡ, ಹಿಂದಿನ ಸೀಟಿನ ಅಜ್ಜಿ ಅಂಗೈ ಚಾಚಿದಳು.

"ಮಂಡಿ ನೋವಿಗೆ ಬಲು ಒಳ್ಳೇದಂತೆ ಕಣಪ್ಪ. ಒಂಚೂರು ಬುಡು."

"ಅಜ್ಜಿ, ಅದು ಮೈಗೆ ಹಚ್ಚೋದಲ್ಲ!" ಎಂದು ಗದರಿದೆ. ಇಡೀ ಬಸ್ಸು ನನ್ನನ್ನು ಜಿಪುಣನನ್ನು ನೋಡಿದ ಹಾಗೆ ನೋಡಿತು.

ಗುಬ್ಬಿಯಲ್ಲಿ ನಮ್ಮ ಪ್ರಯೋಗಕ್ಕೆ ಒಪ್ಪಿದ್ದ ಸಣ್ಣ ನರ್ಸಿಂಗ್ ಹೋಮಿನ ಡಾಕ್ಟರಿಗೆ ಇದನ್ನೆಲ್ಲ ಹೇಳಿ, "ಎಂಥಾ ಜನ ಸಾರ್!" ಎಂದೆ. ಅವರು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಕೇಳಿದರು: "ಮಿಕ್ಕಿದ್ರೆ ಒಂದು ಬಾಟ್ಲಿ... ನಮ್ಮತ್ತೆಗೆ."

ಎಮ್ಮೆ

ಗುಬ್ಬಿಯಲ್ಲಿ ಜನ ಸಾಲದೆ, ಕುಣಿಗಲ್‌ನಲ್ಲಿ ನಡೆದ ಆರೋಗ್ಯ ಶಿಬಿರಕ್ಕೂ ಮಷಿನ್ ಹೊತ್ತೊಯ್ದೆವು. ಅಲ್ಲಿ ಸಾಲಿನಲ್ಲಿ ಒಬ್ಬ ಯಜಮಾನರು ಎಮ್ಮೆ ಹಿಡಿದುಕೊಂಡು ನಿಂತಿದ್ದರು. ಹೆಂಡತಿಯ ಮೂಗುತಿ ಕಲಗಚ್ಚಿನ ಬಾನಿಗೆ ಬಿದ್ದು, ಎಮ್ಮೆ ಅಷ್ಟನ್ನೂ ಕುಡಿದುಬಿಟ್ಟಿತ್ತಂತೆ.

ನನಗೆ ರೇಗಿಹೋಯಿತು. "ಯಜಮಾನ್ರೇ, ಇದು ಮನುಷ್ಯರ ಮಷಿನ್ನು!"

"ಗೊತ್ತು ಬುಡಿ ಸ್ವಾಮಿ. ಮೂಗುತಿ ಮನುಷ್ಯರದೇ ಅಲ್ವಾ?"

ಮೂರು ಪಟ್ಟೆ

ಹಾಗೂ ಹೀಗೂ ನಲವತ್ತೆರಡು ಫಿಲ್ಮ್ ಆಯಿತು. ಆಯುಧಪೂಜೆ ಬಂತು, ನಾನು ಊರಿಗೆ ಹೋದೆ. ಹಬ್ಬ ಮುಗಿಸಿ ಗುಬ್ಬಿಗೆ ಬಂದು ಉಳಿದ ಎಂಟನ್ನೂ ಒಂದೇ ದಿನ ತೆಗೆದೆ. ತೊಳೆದು ನೋಡಿದರೆ ಎಂಟು ಜನರ ಎದೆಯ ಮೇಲೂ ಅಡ್ಡಡ್ಡ ಮೂರು ಬಿಳಿ ಪಟ್ಟೆ!

ಎರಡು ದಿನ ಊಟ ಸೇರಲಿಲ್ಲ. ಸರ್ಕ್ಯೂಟ್ ಪೂರಾ ಬಿಚ್ಚಿದೆ, ಕೆಪಾಸಿಟರ್ ಬದಲಾಯಿಸಿದೆ, ಕರೆಂಟ್ ಆಫೀಸಿನವರನ್ನು ಬಾಯಿಗೆ ಬಂದಂತೆ ಬೈದೆ. ಮೂರನೇ ದಿನ, ಫಿಲ್ಮ್ ಇಡುವ ಚಪ್ಪಟೆ ಪೆಟ್ಟಿಗೆಯನ್ನು ಮೊದಲ ಸಲ ಬೆಳಕಿನಲ್ಲಿ ತೆರೆದೆ. ಫಿಲ್ಮಿಗೆ ಬೆಳಕು ಕೊಡುವ ಒಳಗಿನ ಬಿಳಿ ಪರದೆಯ ಮೇಲೆ ಮೂರು ಬೆರಳಿನ ವಿಭೂತಿ! ಯಾವಾಗಲೂ ಕತ್ತಲಕೋಣೆಯಲ್ಲೇ ತೆರೆಯುವ ಪೆಟ್ಟಿಗೆ, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನರ್ಸಿಂಗ್ ಹೋಮಿನ ಹಿರಿಯ ಅಟೆಂಡರನ್ನು ಕರೆದು ಕೂಗಾಡಿದೆ.

ಆತ ತಣ್ಣಗೆ ಹೇಳಿದ: "ಆಯುಧಪೂಜೆ ಅಲ್ವಾ ಸಾರ್? ಹೊರಗೆ ಬಳಿದ್ರೆ ನೀವು ಒರೆಸಿ ಬುಡ್ತೀರ. ಅದ್ಕೇ ಒಳಗೆ ಬಳ್ದೆ."

ಒರೆಸಿ, ಎಂಟು ಜನರನ್ನೂ ಮತ್ತೆ ಕರೆಸಿದೆವು. ಏಳು ಮುಗಿಯಿತು. ಐವತ್ತನೆಯವರು ಚೇಳೂರಿನ ಒಬ್ಬ ಅಜ್ಜ. ಕೆಟ್ಟ ಫಿಲ್ಮನ್ನು ಜೋಪಾನವಾಗಿ ಮನೆಗೆ ಒಯ್ದಿದ್ದರು. ಹೊಸದನ್ನು ಕಿಟಕಿಗೆ ಹಿಡಿದು ನೋಡಿ ಮುಖ ಗಂಟು ಹಾಕಿದರು.

"ಇದ್ರಲ್ಲಿ ವಿಭೂತಿ ಎಲ್ಲಿ?"

"ಅದು ತಪ್ಪಾಗಿತ್ತು ಅಜ್ಜ. ಇದೇ ಸರಿಯಾದ್ದು."

"ಏನ್ ಸರಿ? ನನ್ನ ಎದೆಯಾಗೆ ಶಿವ ಅವ್ನೆ ಅಂತ ಊರೋರೆಲ್ಲ ಬಂದು ಕೈ ಮುಗ್ದು ಹೋಗವ್ರೆ. ಈಗ ಇಲ್ಲ ಅಂತ ಹೆಂಗ್ ಹೇಳ್ಲಿ? ಡಾಕ್ಟ್ರೇ, ಕಂಪ್ಲೇಂಟ್ ಬರ್ಕೊಳ್ಳಿ. ಈ ಮಷಿನ್ ಬರೀ ಮೂಳೆ ತೋರಿಸ್ತೈತೆ!"

ಡಾಕ್ಟರು ನಿಯತ್ತಿನ ಮನುಷ್ಯ. ಸಹಿ ಹಾಕಿದರು. 'ರೋಗಿಗಳ ದೂರು' ಎಂಬ ಕಡೆ ಅಜ್ಜನ ಮಾತನ್ನೂ ಒಂದಕ್ಷರ ಬಿಡದೆ ಬರೆದರು.

ಪ್ರಿನ್ಸಿಪಾಲರು ವರದಿ ಓದಿದರು. ಸಹಿ ನೋಡಿ ತಲೆದೂಗಿದರು. ಕೆಳಗಿನ ಸಾಲಿಗೆ ಬಂದು ಹುಬ್ಬು ಗಂಟಿಕ್ಕಿದರು.

"ಏನ್ರೀ ಇದು, ಬರೀ ಮೂಳೆ ತೋರಿಸುತ್ತಂತೆ? ಆರು ವರ್ಷ ಏನು ಮಾಡಿದ್ರಿ? ಈ ದೋಷ ಸರಿ ಮಾಡೋವರೆಗೂ ಲ್ಯಾಬ್ ಬಿಟ್ಟು ಅಲ್ಲಾಡಬೇಡಿ. ಎಷ್ಟು ದಿನ ಬೇಕು?"

ನಾಲಿಗೆಯ ತುದಿಗೆ ಏನೇನೋ ಬಂದಿತ್ತು. ಎಲ್ಲ ನುಂಗಿಕೊಂಡು ಹೇಳಿದೆ:

"ಐದು ವರ್ಷ ಆಗಬಹುದು ಸಾರ್."

ಕೊಟ್ಟರು.